ಯಾವ ಕೊಳಗದಲ್ಲಿ ಅಳೆಯೋದು?

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರೋ ಮಾತು. ಹನ್ನೊಂದನೇ ದಿನದ ಕಾರ್ಯ ಮುಗಿಯೋ ತನಕವಾದ್ರೂ ಬಾಯಿಗೆ ಬೀಗ ಹಾಕ್ಕೋಬೇಕು. ಬೇಲಿ ಸರಿಸಿ ಪಕ್ಕದವನ ಗದ್ದೆ ನುಂಗಿದವನು ಸತ್ತರೂ ಊರಿನವರು "ಪಾಪ, ಒಳ್ಳೆ ಮನುಷ್ಯ" ಅಂತಲೇ ಹೆಣದ ಮುಂದೆ ನಿಲ್ಲೋದು. ಆದರೆ ಈ ನಿಯಮ ಊರೊಳಗಿನ ಸಾವಿಗೆ ಮಾತ್ರ. ಒಂದು ರಾಜ್ಯವನ್ನ ಇಪ್ಪತ್ಮೂರು ವರ್ಷ ಆಳಿದವರು ಸತ್ತಾಗ ಯಾರೂ ಹನ್ನೊಂದು ದಿನ ಕಾಯೋದಿಲ್ಲ.

ಜ್ಯೋತಿ ಬಸು ತೀರಿಕೊಂಡಿದ್ದು ಜನವರಿ 17, 2010ರ ಭಾನುವಾರ, ತೊಂಬತ್ತೈದನೇ ವಯಸ್ಸಿನಲ್ಲಿ. ಹೊಸ ವರ್ಷದ ದಿನವೇ ನ್ಯುಮೋನಿಯಾ ಅಂತ ಕೋಲ್ಕತ್ತಾದ ಆಸ್ಪತ್ರೆ ಸೇರಿದ್ದರು. ನಾನು ಸಂಕ್ರಾಂತಿಗೆ ಅಂತ ಊರಿಗೆ ಬಂದವನು, ಅವತ್ತು ಭದ್ರಾವತಿಯ ಹೊಸಮನೆಯಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್ ಹೊರಡಬೇಕಿತ್ತು. ಟಿವಿಯಲ್ಲಿ ಸುದ್ದಿ ಬಂದಾಗ ದೊಡ್ಡಪ್ಪ ಎದ್ದು ನಿಂತರು. ಮೂವತ್ತು ವರ್ಷಕ್ಕೂ ಮೀರಿ ಕಾರ್ಖಾನೆಯಲ್ಲಿ ದುಡಿದು, ಗೇಟ್ ಮೀಟಿಂಗುಗಳಲ್ಲಿ ಘೋಷಣೆ ಕೂಗಿದವರು ಅವರು. ಕಮ್ಯುನಿಸ್ಟ್ ಪಾರ್ಟಿಗೆ ಒಂದೇ ಒಂದು ಸಲವೂ ಓಟು ಹಾಕಿದವರಲ್ಲ. ಆದರೂ "ನಮ್ಮೋರು ಒಬ್ಬರು ಹೋದ್ರು ಕಣೋ" ಅಂದರು.

ಬಾಡಿಗೆಗಿರೋ ಮೇಷ್ಟ್ರು ಪೇಪರ್ ಕೇಳೋಕೆ ಅಂತ ಬಂದವರು ಅಲ್ಲೇ ಕೂತು, "ಎಂತ ನಮ್ಮೋರು ಮಾರಾಯ್ರೇ? ಚೀನಾ ಯುದ್ಧದ ಟೈಮಲ್ಲಿ ಇವರು ಯಾರ ಕಡೆ ಇದ್ರು ಅಂತ ಕೇಳಿ ಮೊದ್ಲು" ಅಂದರು. ಅಲ್ಲಿಂದ ಶುರುವಾಗಿದ್ದು ಕಾಫಿ ಎರಡು ಸಲ ಬರೋವರೆಗೂ ನಡೀತು. ದೊಡ್ಡಮ್ಮನಿಗೆ ಈ ಯಾವುದೂ ಬೇಕಿರಲಿಲ್ಲ. ದೇಹವನ್ನ ಸುಡೋದಿಲ್ಲ, ಮೆಡಿಕಲ್ ಕಾಲೇಜಿಗೆ ಕೊಡ್ತಾರೆ ಅಂತ ಟಿವಿಯವರು ಹೇಳಿದ್ದು ಮಾತ್ರ ಅವರ ಕಿವಿಗೆ ಬಿದ್ದಿತ್ತು. "ಅಯ್ಯೋ, ಮಗ ಇದಾನಂತಲ್ಲ? ಸುಡೋದೂ ಇಲ್ಲ, ಹೂಳೋದೂ ಇಲ್ಲ ಅಂದ್ರೆ ಅಷ್ಟು ದೊಡ್ಡ ಮನುಷ್ಯನಿಗೆ ಒಂದು ತಿಥಿಯೂ ಇಲ್ವಾ?" ಅಂತ ನನ್ನನ್ನ ಕೇಳಿದರು. ಇದ್ದವರಲ್ಲಿ ನಿಜವಾಗಿ ಮರುಗಿದ್ದು ಅವರೊಬ್ಬರೇ ಅನ್ನಿಸುತ್ತೆ.

ಸೋಮವಾರ ಆಫೀಸಿನಲ್ಲಿ ಇದರ ಇನ್ನೊಂದು ಮುಖ ಕಾಣಿಸ್ತು. ನಮ್ಮ ಟೀಮಿನಲ್ಲಿ ಇಬ್ಬರು ಬಂಗಾಳಿಗಳಿದ್ದಾರೆ. ಒಬ್ಬ ಕೋಲ್ಕತ್ತಾದವನೇ. ಅವನ ಅಪ್ಪ ಕೆಲಸ ಮಾಡ್ತಿದ್ದ ಇಂಜಿನಿಯರಿಂಗ್ ಕಾರ್ಖಾನೆ ಎಂಬತ್ತರ ದಶಕದಲ್ಲಿ ಲಾಕೌಟ್ ಆಗಿ ಮತ್ತೆ ತೆರೆಯಲೇ ಇಲ್ಲ. ಇನ್ನೊಬ್ಬ ಬರ್ಧಮಾನ್ ಜಿಲ್ಲೆಯ ಹಳ್ಳಿಯವನು. ಬಂಗಾಳದಲ್ಲಿ 'ಬರ್ಗಾದಾರ್' ಅಂತ ಕರೆಯೋ ಪಾಲುಗಾರ ರೈತರ ಮನೆಯವನು, ಅಂದರೆ ಬೇರೆಯವರ ಹೊಲ ಉತ್ತು ಬೆಳೆಯಲ್ಲಿ ಪಾಲು ಕೊಡುವವರು.

ಮಧ್ಯಾಹ್ನ ಊಟದ ಟೇಬಲ್ಲಿನಲ್ಲಿ ಯಾರೋ, "ಇವತ್ತಾದ್ರೂ ನಿಮ್ಮೂರಲ್ಲಿ ಬಂದ್ ಮಾಡೋಕೆ ಸರಿಯಾದ ಕಾರಣ ಸಿಕ್ತು" ಅಂತ ಜೋಕು ಹೊಡೆದರು. ಕೋಲ್ಕತ್ತಾದವನು ನಕ್ಕ. "ನಾನು ಈ ಬೆಂಗಳೂರಲ್ಲಿ ನಿಮ್ಮ ಸಾಂಬಾರಿನ ಜೊತೆ ಒದ್ದಾಡ್ತಾ ಇರೋದೇ ಅವರ ಕೃಪೆಯಿಂದ" ಅಂದ. ಹಳ್ಳಿಯವನು ನಗಲಿಲ್ಲ. ಡಬ್ಬಿ ಮುಚ್ಚಿಕೊಂಡು, "ನಾನು ಶಾಲೆಗೆ ಹೋಗಿದ್ದೇ ಅವರ ಕೃಪೆಯಿಂದ" ಅಂತ ಹೇಳಿ ಎದ್ದು ಹೋದ. ಐದು ವರ್ಷದಿಂದ ಒಂದೇ ಟೇಬಲ್ಲಿನಲ್ಲಿ ಮೀನು ಹಂಚಿಕೊಂಡು ತಿಂದವರು ಅವತ್ತು ಸಂಜೆ ತನಕ ಮಾತಾಡಲಿಲ್ಲ.

ಇಬ್ಬರಲ್ಲಿ ಯಾರದ್ದು ಸರಿ ಅಂತ ನನ್ನನ್ನ ಕೇಳಿದರೆ, ಇಬ್ಬರೂ ಹೇಳಿದ್ದು ನಡೆದಿದ್ದನ್ನೇ. ಅದಕ್ಕೇ ಇದು ಅಷ್ಟು ಸುಲಭದ ವಿಷಯ ಅಲ್ಲ.

ಮೊದಲು ಹಳ್ಳಿಯವನ ಲೆಕ್ಕ ನೋಡೋಣ. ಬಸು ಮುಖ್ಯಮಂತ್ರಿಯಾಗಿದ್ದು ಜೂನ್ 21, 1977ರಂದು. ಮರುವರ್ಷವೇ ಅವರ ಸರ್ಕಾರ 'ಆಪರೇಷನ್ ಬರ್ಗಾ' ಶುರು ಮಾಡ್ತು. ಪಾಲಿಗೆ ಉಳುವವನನ್ನ ಎಬ್ಬಿಸಬಾರದು ಅಂತ ಕಾನೂನು ಮುಂಚೆಯೇ ಇತ್ತು. ಆದರೆ ಉಳುವವನ ಹೆಸರು ಯಾವ ದಾಖಲೆಯಲ್ಲೂ ಇರಲಿಲ್ಲ. ಹೆಸರಿಲ್ಲದ ಮೇಲೆ ಕಾನೂನು ಇದ್ದರೇನು, ಬಿಟ್ಟರೇನು? ಅಧಿಕಾರಿಗಳೇ ಹಳ್ಳಿಗೆ ಹೋಗಿ, ಸಂಜೆ ಹೊತ್ತು ಪಾಲುಗಾರರ ಕೇರಿಯಲ್ಲೇ ಕೂತು, ಯಾವ ಹೊಲ ಯಾರು ಉಳೋದು ಅಂತ ಎಲ್ಲರೆದುರು ಕೇಳಿ ಬರೆದುಕೊಂಡರು. ಹೀಗೆ ದಾಖಲಾದವರು ಸುಮಾರು 14 ಲಕ್ಷ ಮಂದಿ. ಬೀಜ, ಗೊಬ್ಬರ, ಎತ್ತು ಎಲ್ಲ ತನ್ನದೇ ಆದರೆ ಬೆಳೆಯಲ್ಲಿ ಮುಕ್ಕಾಲು ಪಾಲು ಉಳುವವನಿಗೆ. ಅದೇ 1978ರಲ್ಲಿ ಪಂಚಾಯ್ತಿ ಚುನಾವಣೆಯೂ ನಡೆದು, ಜಮೀನ್ದಾರರ ಜಗಲಿಯಲ್ಲಿ ಕೆಳಗೆ ಕೂರುತ್ತಿದ್ದವರು ಪಂಚಾಯ್ತಿ ಕುರ್ಚಿ ಮೇಲೆ ಕೂತರು.

ಇದನ್ನ ಕೇಳುವಾಗ ಶಿವಮೊಗ್ಗ ಜಿಲ್ಲೆಯವನಿಗೆ ಇದು ಎಲ್ಲೋ ದೂರದ ಬಂಗಾಳದ ಕಥೆ ಅನ್ನಿಸೋದಿಲ್ಲ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಿದ್ದಕ್ಕೆ ಒಂದು ಕಾರಣ ಕೊಳಗ. ಗೇಣಿ ಭತ್ತ ಅಳೆಯೋಕೆ ಒಡೆಯರು ಇಟ್ಟುಕೊಂಡಿದ್ದ ಕೊಳಗ ದೊಡ್ಡದು. ಅದೇ ಒಂದು ಕೊಳಗ, ಲೆಕ್ಕದಲ್ಲಿ ಒಂದೇ, ಆದರೆ ಒಳಗೆ ಹಿಡಿಸೋ ಭತ್ತ ಬೇರೆ. ಆ ಸತ್ಯಾಗ್ರಹಕ್ಕೆ ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರಂಥವರು ನಿಂತರು. ಲೋಹಿಯಾ ಅವರು ಅಲ್ಲಿಗೇ ಬಂದು ಅರೆಸ್ಟ್ ಆದರು. ಗದ್ದೆ ಉಳುವವನಿಗೇ ಸಿಗೋಕೆ ಮಾತ್ರ 1974ರ ಮಾರ್ಚ್ 1ರ ತನಕ ಕಾಯಬೇಕಾಯ್ತು. ದೇವರಾಜ ಅರಸರ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದ್ದು ಅವತ್ತು.

ಒಂದು ವಿಚಿತ್ರ ನೋಡಿ. ಕಮ್ಯುನಿಸ್ಟರ ಬಂಗಾಳದಲ್ಲಿ ಪಾಲುಗಾರನಿಗೆ ಸಿಕ್ಕಿದ್ದು ಉಳೋ ಹಕ್ಕಿಗೆ ಭದ್ರತೆ. ಜಮೀನಿನ ಒಡೆತನ ಹಳೇ ಮಾಲೀಕನದ್ದೇ. ಕಾಂಗ್ರೆಸ್ಸಿನ ಅರಸರು ಮಾತ್ರ ಗೇಣಿ ಪದ್ಧತಿಯನ್ನೇ ತೆಗೆದು ಹಾಕಿ, ಫಾರಂ ನಂಬರ್ 7 ತುಂಬಿ ಅರ್ಜಿ ಕೊಟ್ಟು ಗೆದ್ದವನಿಗೆ ಒಡೆತನವನ್ನೇ ಕೊಟ್ಟರು. ಕಾಗದದ ಮೇಲೆ ನೋಡಿದರೆ ಅರಸರ ಕಾಯ್ದೆಯೇ ಹೆಚ್ಚು ಕೆಂಪು. ಅರಸರನ್ನ ಯಾರೂ ಕಾಮ್ರೇಡ್ ಅನ್ನಲಿಲ್ಲ, ಅಷ್ಟೇ.

ನಮ್ಮಜ್ಜನೂ ಫಾರಂ 7 ತುಂಬಿದವನು. ತುಂಬಿದವನು ಅಂದರೆ ಹೆಬ್ಬೆಟ್ಟು ಒತ್ತಿದವನು. ಎರಡೂವರೆ ಎಕರೆ ಗದ್ದೆ, ಅದರ ಪಕ್ಕ ಅರ್ಧ ಎಕರೆ ಅಡಿಕೆ. ಟ್ರಿಬ್ಯೂನಲ್ಲಿನಲ್ಲಿ ಕೇಸು ಗೆದ್ದು ಪಹಣಿಯಲ್ಲಿ ಅವನ ಹೆಸರು ಬಂತು. ಇಪ್ಪತ್ತು ವರ್ಷದ ನಂತರ ನನ್ನ ಬಿಇ ಸೀಟಿನ ಫೀಸು ಹೊಂದಿಸೋಕೆ ಅಪ್ಪ ಸೊಸೈಟಿಗೆ ಒಯ್ದಿದ್ದು ಅದೇ ಪಹಣಿ. ಹಾಗಾಗಿ ಬರ್ಧಮಾನಿನ ಹುಡುಗ "ನಾನು ಶಾಲೆಗೆ ಹೋಗಿದ್ದೇ ಅವರ ಕೃಪೆಯಿಂದ" ಅಂದಾಗ ನನಗೆ ಬಿಡಿಸಿ ಹೇಳೋ ಅಗತ್ಯ ಇರಲಿಲ್ಲ.

ಇನ್ನು ಕೋಲ್ಕತ್ತಾದವನ ಲೆಕ್ಕ. ಅದೂ ಖೋಟಾ ಲೆಕ್ಕವಲ್ಲ. ಅರವತ್ತರ ದಶಕದ ಕೊನೆಯ ಯುನೈಟೆಡ್ ಫ್ರಂಟ್ ಸರ್ಕಾರಗಳಲ್ಲಿ ಬಸು ಉಪಮುಖ್ಯಮಂತ್ರಿ. 'ಘೇರಾವ್' ಅನ್ನೋ ಪದ ದೇಶಕ್ಕೆಲ್ಲ ಪರಿಚಯವಾಗಿದ್ದು ಆಗಲೇ. ಮ್ಯಾನೇಜರುಗಳನ್ನ ಗಂಟೆಗಟ್ಟಲೆ ಕೂಡಿ ಹಾಕೋ ಊರಿಗೆ ಹೊಸ ಬಂಡವಾಳ ಹಾಕೋಕೆ ಯಾರು ಬರ್ತಾರೆ? ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತೆ ಅಂತ ಎಡಪಕ್ಷಗಳ ಯೂನಿಯನ್ನುಗಳು ವರ್ಷಗಟ್ಟಲೆ ವಿರೋಧಿಸಿದವು. ಸರ್ಕಾರಿ ಪ್ರೈಮರಿ ಶಾಲೆಗಳಿಂದ ಇಂಗ್ಲಿಷ್ ತೆಗೆದರು. ಉದ್ದೇಶ ಒಳ್ಳೆಯದೇ, ಹಳ್ಳಿ ಮಕ್ಕಳು ಅರ್ಥವಾಗೋ ಭಾಷೆಯಲ್ಲಿ ಕಲೀಲಿ ಅಂತ. ಆದರೆ ದುಡ್ಡಿದ್ದವರು ಮಕ್ಕಳನ್ನ ಕಾನ್ವೆಂಟಿಗೆ ಸೇರಿಸಿದರು. ಇಂಗ್ಲಿಷ್ ತಪ್ಪಿದ್ದು ಯಾರಿಗಾಗಿ ತೆಗೆದರೋ ಅವರಿಗೇ. ಕನ್ನಡ ಮೀಡಿಯಮ್ಮಿನಿಂದ ಬಂದು ಬಿಇ ಮೊದಲ ಸೆಮಿಸ್ಟರಿನಲ್ಲಿ ಲೆಕ್ಚರರ್ ಏನು ಹೇಳ್ತಿದ್ದಾರೆ ಅಂತ ತಿಳಿಯದೆ ಕೂತ ನನ್ನಂಥವನಿಗೆ ಈ ವಾದ ಎರಡೂ ಕಡೆಯಿಂದ ಚುಚ್ಚುತ್ತೆ.

ಆದರೆ ಕಾರ್ಖಾನೆಗಳು ಮುಚ್ಚಿದ್ದಕ್ಕೆಲ್ಲ ಬಸು ಒಬ್ಬರೇ ಕಾರಣ ಅಂತ ಟೇಬಲ್ಲಿನಲ್ಲಿ ಎಲ್ಲರೂ ತಲೆಯಾಡಿಸಿದಾಗ ನನಗೆ ಹೊಸಮನೆ ನೆನಪಾಯ್ತು. ಭದ್ರಾವತಿಯನ್ನ ಯಾವ ಕಮ್ಯುನಿಸ್ಟರೂ ಆಳಲಿಲ್ಲ. ಮೈಸೂರು ಮಹಾರಾಜರ ಸರ್ಕಾರದ ಕಾಲದಲ್ಲಿ, 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಕಾರ್ಖಾನೆ, ವಿಶ್ವೇಶ್ವರಯ್ಯನವರೇ ನಿಂತು ನಷ್ಟದಿಂದ ಎತ್ತಿದ ಕಾರ್ಖಾನೆ. ಪಕ್ಕದಲ್ಲಿ 1936ರ ಪೇಪರ್ ಮಿಲ್ಲು. ಶಿಫ್ಟಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ತಿದ್ದ ಊರು. ತಮಿಳರು, ಮಲಯಾಳಿಗಳು, ತೆಲುಗರು ಎಲ್ಲ ಬಂದು ನೆಲೆಸಿದ ಊರು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಸೈಲ್ ಕೈಗೆ ಹೋಯ್ತು. ಕೆಲಸಗಾರರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗ್ತಾ ಬಂತು. ನನ್ನ ಓರಗೆಯವರಲ್ಲಿ ಓದಿದವರೆಲ್ಲ ಬೆಂಗಳೂರಿನ ಬಸ್ಸು ಹತ್ತಿದರು. ಹೊಸಮನೆಯ ಬೀದಿಗಳಲ್ಲೂ ಈಗ ವಯಸ್ಸಾದವರೇ ಜಾಸ್ತಿ. ಕೋಲ್ಕತ್ತಾದ ಹುಡುಗನೂ ನಾನೂ ಬೇರೆಬೇರೆ ಊರಿನಿಂದ ಒಂದೇ ಕಾರಣಕ್ಕೆ ಬಂದವರು. ಬೈಯೋಕೆ ಅವನಿಗೆ ಒಂದು ಮುಖ ಇದೆ, ನನಗೆ ಇಲ್ಲ.

ಬಂಗಾಳದ ಉದ್ಯಮಕ್ಕೆ ಇನ್ನೊಂದು ಪೆಟ್ಟು ಬಿದ್ದಿದ್ದು ದೆಹಲಿಯಿಂದ. ಉಕ್ಕು ದೇಶದ ಎಲ್ಲಿ ಕೊಂಡರೂ ಒಂದೇ ಬೆಲೆ ಇರಲಿ ಅಂತ ರೈಲ್ವೆ ಬಾಡಿಗೆಯನ್ನ ಸಮ ಮಾಡೋ ನೀತಿ ಐವತ್ತರ ದಶಕದಿಂದ ತೊಂಬತ್ತರ ದಶಕದ ಆರಂಭದವರೆಗೂ ಇತ್ತು. ಗಣಿಯ ಪಕ್ಕದಲ್ಲಿರೋ ಲಾಭ ಬಂಗಾಳಕ್ಕೂ ಬಿಹಾರಕ್ಕೂ ಇದರಿಂದ ತಪ್ಪಿಹೋಯ್ತು. ಬಸು ಅವರು ಕೂಡ ಕೊನೆಗೆ ಬದಲಾದರು. 1994ರಲ್ಲಿ ಹೊಸ ಕೈಗಾರಿಕಾ ನೀತಿ ತಂದು ಖಾಸಗಿ ಬಂಡವಾಳವನ್ನ ಕರೆದರು. ಕೋಲ್ಕತ್ತಾದಲ್ಲಿ ಈಗ ಸಾಫ್ಟ್‌ವೇರ್ ಕಂಪನಿಗಳು ಕೂತಿರೋ ಸಾಲ್ಟ್ ಲೇಕ್ ಸೆಕ್ಟರ್ ಫೈವ್ ಎಲೆಕ್ಟ್ರಾನಿಕ್ಸ್ ಕಾಂಪ್ಲೆಕ್ಸ್ ಶುರುವಾಗಿದ್ದೂ ಅವರ ಕಾಲದಲ್ಲೇ. ತಡವಾಯ್ತು ಅನ್ನಿ. ಆದರೆ ಲೆಕ್ಕ ಹಾಕುವಾಗ ಅದನ್ನೂ ಹಾಕಬೇಕು.

ಹಾಗಂತ ಎಲ್ಲದಕ್ಕೂ ಇಂಥ ಸಮಜಾಯಿಷಿ ಸಿಗೋದಿಲ್ಲ. ಮರಿಚ್‌ಝಾಪಿ ಅಂತ ಸುಂದರಬನದಲ್ಲಿ ಒಂದು ದ್ವೀಪ. ದಂಡಕಾರಣ್ಯದ ಕ್ಯಾಂಪುಗಳಲ್ಲಿ ಒಣಗಿಹೋಗಿದ್ದ ಪೂರ್ವ ಬಂಗಾಳದ ನಿರಾಶ್ರಿತರು, ಹೆಚ್ಚಿನವರು ದಲಿತರು, ನಮ್ಮವರ ಸರ್ಕಾರ ಬಂತು ಅಂತ ನಂಬಿ ಅಲ್ಲಿಗೆ ಬಂದು ಗುಡಿಸಲು ಕಟ್ಟಿದರು. 1979ರಲ್ಲಿ ಆ ದ್ವೀಪಕ್ಕೆ ಅನ್ನ, ನೀರು ಹೋಗದ ಹಾಗೆ ಪೊಲೀಸ್ ದೋಣಿಗಳು ಸುತ್ತುವರಿದವು. ಆಮೇಲೆ ಎಲ್ಲರನ್ನೂ ಎಬ್ಬಿಸಿ ಕಳಿಸಿದರು. ಸತ್ತವರು ಎಷ್ಟು ಅನ್ನೋದು ಇವತ್ತಿಗೂ ಜಗಳದ ವಿಷಯ. ಪಾಲುಗಾರನ ಹೆಸರು ಬರೆದುಕೊಳ್ಳೋಕೆ ಹಳ್ಳಿಹಳ್ಳಿಗೆ ಹೋದ ಸರ್ಕಾರವೇ, ಅದೇ ಹೊತ್ತಿಗೆ, ಇವರ ಹೆಸರು ಕೇಳಲಿಲ್ಲ. ಅವತ್ತು ಆ ದ್ವೀಪದಲ್ಲಿದ್ದು ಬದುಕುಳಿದವರಿಗೆ ಬಸು ಸತ್ತ ದಿನ ಸುಮ್ಮನಿರಿ ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ.

ಇನ್ನೊಂದು ಕಡೆ ಇದೂ ಇದೆ. 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯಾದಾಗ ದೆಹಲಿ ಬೀದಿಗಳಲ್ಲಿ ಸಿಖ್ಖರನ್ನ ಜೀವಂತ ಸುಟ್ಟರು. ಸಿಖ್ಖರು ದೊಡ್ಡ ಸಂಖ್ಯೆಯಲ್ಲಿದ್ದ ಕಲ್ಕತ್ತಾ ದೆಹಲಿಯಾಗಲಿಲ್ಲ. ಕೋಲ್ಕತ್ತಾದ ಹುಡುಗ ಬಸು ಅವರನ್ನ ಎಷ್ಟೇ ಬೈದರೂ ಇದೊಂದನ್ನ ತಾನೇ ಬಾಯಿಬಿಟ್ಟು ಹೇಳಿದ.

ಕನ್ನಡದವರಾದ ನಮಗೆ ಇನ್ನೊಂದು ಋಣವೂ ಇದೆ, ನಾವು ನೆನಪಿಟ್ಟುಕೊಂಡಿಲ್ಲ ಅಷ್ಟೇ. 1996ರಲ್ಲಿ ವಾಜಪೇಯಿಯವರ ಹದಿಮೂರು ದಿನದ ಸರ್ಕಾರ ಬಿದ್ದ ಕಾಲಕ್ಕೆ ಪ್ರಧಾನಿ ಕುರ್ಚಿಗೆ ಸಂಯುಕ್ತ ರಂಗದವರು ಕರೆದಿದ್ದು ಜ್ಯೋತಿ ಬಸು ಅವರನ್ನ. ಪಾರ್ಟಿಯ ಕೇಂದ್ರ ಸಮಿತಿ ಬೇಡ ಅಂತು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಓದಿ, 1940ರಲ್ಲಿ ವಾಪಸ್ ಬಂದು, ಕೋರ್ಟು ಬಿಟ್ಟು ರೈಲ್ವೆ ಕೆಲಸಗಾರರ ಯೂನಿಯನ್ ಕಟ್ಟಿದ ಮನುಷ್ಯ ಪಾರ್ಟಿ ಮಾತು ಮೀರಲಿಲ್ಲ. ಆಮೇಲೆ ಅದನ್ನ ಐತಿಹಾಸಿಕ ಪ್ರಮಾದ ಅಂತ ಕರೆದರು, ಆದರೂ ಪಾರ್ಟಿ ಬಿಡಲಿಲ್ಲ. ಆ ಕುರ್ಚಿ ಬಂದಿದ್ದು ನಮ್ಮ ಹರದನಹಳ್ಳಿಯ ದೇವೇಗೌಡರಿಗೆ, ಜೂನ್ 1ರಂದು. ಅವತ್ತು ಊರೂರಲ್ಲಿ ಪಟಾಕಿ ಹೊಡೆದ ನಾವ್ಯಾರೂ ಕೋಲ್ಕತ್ತಾದ ಕಡೆ ತಿರುಗಿ ನೋಡಲಿಲ್ಲ. ಕುರ್ಚಿ ಸಿಕ್ಕರೂ ಬೇಡ ಅಂದ ಪಾರ್ಟಿಯನ್ನ ಮೇಷ್ಟ್ರು ದಡ್ಡರು ಅಂತಾರೆ, ದೊಡ್ಡಪ್ಪ ಗಂಡಸರು ಅಂತಾರೆ. 2000ದ ನವೆಂಬರಿನಲ್ಲಿ ಮುಖ್ಯಮಂತ್ರಿ ಕುರ್ಚಿಯನ್ನೂ ಸೋಲದೆಯೇ, ವಯಸ್ಸಾಯ್ತು ಅಂತ ತಾವೇ ಬಿಟ್ಟರು. ಅಲ್ಲಿಗೆ ದೇಶದಲ್ಲಿ ಅಷ್ಟು ಕಾಲ ಮುಖ್ಯಮಂತ್ರಿಯಾಗಿದ್ದವರು ಬೇರೆ ಯಾರೂ ಇರಲಿಲ್ಲ. ಕುರ್ಚಿಗಾಗಿ ರೆಸಾರ್ಟು ಸೇರೋದನ್ನ ನೋಡಿ ಬೇಸತ್ತ ನಮ್ಮ ರಾಜ್ಯದವರಿಗೆ ಇದನ್ನ ಹೇಳಿದರೆ ನಂಬೋದು ಕಷ್ಟ.

ಜನವರಿ 19ರಂದು ಕೋಲ್ಕತ್ತಾದ ಬೀದಿಗಳಲ್ಲಿ ಜನಸಾಗರ. ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಬಂದಿದ್ದರು, ಸೋನಿಯಾ ಗಾಂಧಿ ಬಂದಿದ್ದರು, ಜೀವಮಾನವಿಡೀ ಎದುರು ನಿಂತ ಅಡ್ವಾಣಿಯವರೂ ಬಂದಿದ್ದರು. ಮಂತ್ರ ಇಲ್ಲ, ಬೆಂಕಿ ಇಲ್ಲ. ದೇಹವನ್ನ ಎಸ್‌ಎಸ್‌ಕೆಎಂ ಆಸ್ಪತ್ರೆಯ ವೈದ್ಯ ವಿದ್ಯಾರ್ಥಿಗಳಿಗೆ ಒಪ್ಪಿಸಿದರು. ಬರ್ಧಮಾನಿನ ಹುಡುಗ ರಜೆ ಹಾಕಿರಲಿಲ್ಲ, ಆದರೆ ಅವತ್ತು ಅವನ ಮಾನಿಟರಿನ ಮೂಲೆಯಲ್ಲಿ ದಿನವಿಡೀ ಆ ಸುದ್ದಿ ಓಡ್ತಾ ಇತ್ತು. ಸಂಜೆ ಕೋಲ್ಕತ್ತಾದವನೂ ಹೋಗಿ ಅವನ ಕುರ್ಚಿಯ ಹಿಂದೆ ನಿಂತು ನೋಡಿದ. ಇಬ್ಬರೂ ಏನೂ ಮಾತಾಡಲಿಲ್ಲ.

ದೇವರಾಜ ಅರಸರು ತೀರಿಕೊಂಡಿದ್ದು ಜೂನ್ 6, 1982ರಂದು. ಆಗ ನನಗೆ ಬುದ್ಧಿ ತಿಳಿಯದ ವಯಸ್ಸು. ಅಪ್ಪ ಹೇಳೋ ಪ್ರಕಾರ ಅವತ್ತು ನಮ್ಮಜ್ಜಿ ಒಲೆ ಹಚ್ಚಲಿಲ್ಲ. ಅಗ್ರಹಾರದ ಒಡೆಯರ ಮನೆಯಲ್ಲಿ ಹೋಳಿಗೆ ಮಾಡಿದ್ದರು ಅಂತ ನಮ್ಮ ಕೇರಿಯಲ್ಲಿ ಇವತ್ತಿಗೂ ಹೇಳ್ತಾರೆ. ಆ ಮನೆಯ ಮೊಮ್ಮಗ ನನಗೆ ಹೈಸ್ಕೂಲಿನಿಂದ ಸ್ನೇಹಿತ, ಈಗ ಅವನೂ ಬೆಂಗಳೂರಿನಲ್ಲಿ ನನ್ನ ಹಾಗೇ ಕೋಡ್ ಬರೀತಾನೆ. ಹೋಳಿಗೆ ಕಥೆ ಕೇಳಿದರೆ ಅವನಿಗೆ ಕೋಪ ಬರುತ್ತೆ. "ನಮ್ಮಜ್ಜಿ ಇಪ್ಪತ್ತೆಂಟನೇ ವಯಸ್ಸಿಗೆ ಗಂಡನ್ನ ಕಳಕೊಂಡವಳು. ಉಳೋಕೆ ಗಂಡು ದಿಕ್ಕಿಲ್ಲ ಅಂತ ಮೂರು ಎಕರೆ ಗೇಣಿಗೆ ಕೊಟ್ಟಿದ್ಲು. ಅವಳು ಯಾವ ಸೀಮೆ ಜಮೀನ್ದಾರ್ತಿನೋ? ಅವತ್ತು ಹೋಳಿಗೆ ಮಾಡೋಕೆ ನಮ್ಮನೇಲಿ ಬೇಳೆನೂ ಇರಲಿಲ್ಲ" ಅಂತಾನೆ.

ಆ ಮೂರು ಎಕರೆಯೇ ನಮ್ಮ ಗದ್ದೆ, ತೋಟ.

ಬಸು ಸತ್ತ ವಾರ ಇದನ್ನೆಲ್ಲ ಅವನ ಹತ್ತಿರ ಮಾತಾಡಿದೆ. ಅವನಿಗೆ ನಾನು ಏನು ಹೇಳಲಿ? ಕಾಯ್ದೆ ತಪ್ಪು ಅನ್ನೋಕಾಗೋದಿಲ್ಲ. ಮೂರು ತಲೆಮಾರು ಆ ಮಣ್ಣಲ್ಲಿ ಬೆನ್ನು ಬಗ್ಗಿಸಿದ್ದು ನಮ್ಮವರು. ಅದು ಆಗದೇ ಇದ್ದಿದ್ದರೆ ನಾನು ಇವತ್ತು ಅವನ ಎದುರು ಕುರ್ಚಿ ಎಳೆದುಕೊಂಡು ಕೂತು ಈ ಮಾತು ಆಡ್ತಿರಲಿಲ್ಲ. ಹಾಗಂತ ಇಪ್ಪತ್ತೆಂಟರ ವಿಧವೆಯನ್ನ ಶೋಷಕಿ ಅನ್ನೋಕೂ ನಾಲಿಗೆ ಏಳೋದಿಲ್ಲ. ಸಾವಿರಾರು ಎಕರೆಯವನಿಗೆ ಅಂತ ಮಾಡಿಸಿದ ಕೊಳಗದಲ್ಲೇ ಅವಳನ್ನೂ ಅಳೆದರು. ಕಾಯ್ದೆಗೆ ಇರೋದು ಒಂದೇ ಕೊಳಗ. ದೊಡ್ಡ ನಾಯಕರು ಸತ್ತಾಗ ಅತ್ತವರನ್ನೂ ನಕ್ಕವರನ್ನೂ ನೋಡುವಾಗ ನನಗೆ ಈಗ ಕೇಳಬೇಕು ಅನ್ನಿಸೋದು ಒಂದೇ, ಇವರ ಮನೆಗೆ ಆ ಕೊಳಗ ಬಂದಾಗ ಭತ್ತ ಒಳಗೆ ಬಂತೋ, ಹೊರಗೆ ಹೋಯ್ತೋ? ಅದು ಗೊತ್ತಾಗದೆ ಅವರ ಕಣ್ಣೀರನ್ನ ಬೂಟಾಟಿಕೆ ಅಂತಲೋ, ನಗುವನ್ನ ಕ್ರೌರ್ಯ ಅಂತಲೋ ಕರೆಯೋಕೆ ನಾನು ತಯಾರಿಲ್ಲ.

ಸ್ನೇಹಿತ ಕೊನೆಗೆ ಹೇಳಿದ್ದನ್ನ ಇಲ್ಲಿ ಬರೀತೀನಿ. ನಮ್ಮ ಗದ್ದೆ ಪಕ್ಕದವರೆಗೂ ಈಗ ಸೈಟು ಮಾಡೋರು ಬಂದಿದ್ದಾರೆ ಅಂತ ಅವನಿಗೂ ಗೊತ್ತು. "ನಿಮ್ಮಪ್ಪ ಮಾರೋ ಯೋಚನೆ ಮಾಡಿದ್ರೆ ನಂಗೆ ಮೊದ್ಲು ಹೇಳು ಮಾರಾಯ. ಮಾರ್ಕೆಟ್ ರೇಟು ಕೊಡ್ತೀನಿ" ಅಂದ. ಅದರಲ್ಲಿ ಹಗೆ ಇರಲಿಲ್ಲ, ತಮಾಷೆಯೂ ಇರಲಿಲ್ಲ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕೇಸು ಗೆದ್ದ ವರ್ಷದಿಂದ ಆ ಅಜ್ಜಿ ಸಾಯೋ ತನಕ ನಮ್ಮಜ್ಜ ಪ್ರತಿ ಸುಗ್ಗಿಯಲ್ಲಿ ಒಂದು ಮೂಟೆ ಹೊಸ ಅಕ್ಕಿ ಅವರ ಹಿತ್ತಲ ಬಾಗಿಲಿಗೆ ಇಟ್ಟು ಬರ್ತಿದ್ದ ಅಂತ ಹೇಳಿದರು. ಗೇಣಿ ಅಂತ ಇವನೂ ಹೇಳಲಿಲ್ಲ, ದಾನ ಬೇಡ ಅಂತ ಅವರೂ ಹೇಳಲಿಲ್ಲವಂತೆ.

"ಮತ್ತೆ ಅವನಿಗೆ ಏನು ಹೇಳ್ಲಿ?" ಅಂತ ಕೇಳಿದೆ.

"ಗದ್ದೆ ಮಾರಲ್ಲ ಅಂತ ಹೇಳು" ಅಂದರು ಅಪ್ಪ. "ಅಕ್ಕಿ ಬೇಕಾದ್ರೆ ನಾಳಿದ್ದು ಬಸ್ಸಿಗೆ ಹಾಕಿ ಕಳಿಸ್ತೀನಿ, ಅವನ ಅಡ್ರೆಸ್ಸು ಇಸ್ಕೋ."